ಆಕಳ ಕೆನೆಯ ಬಣ್ಣ



ಬೆಳಗಾವಿ ಜಿಲ್ಲೆಯ ಸಹೋದರಿಯೊಬ್ಬರು ಈ ಅಂಕಣಕ್ಕೆ ನಾಲ್ಕು ಪುಟಗಳ ಪತ್ರವೊಂದನ್ನು ಬರೆದಿದ್ದಾರೆ. ಬರುವ ಮಾಘಮಾಸದಲ್ಲಿ ಅವರ ಮಗಳ ವಿವಾಹ ನಿಶ್ಚಯವಾಗಿದೆ. ಅದಕ್ಕೆ ಮುಂಚಿತವಾಗಿ ಮನೆಯ ಒಳಗೋಡೆಗಳಿಗೆಲ್ಲ ಹೊಸದಾಗಿ ಬಣ್ಣ ಹಚ್ಚಿಸಬೇಕೆಂದು ಯಜಮಾನರೂ ಮಕ್ಕಳೂ ಸಂಕಲ್ಪಿಸಿದ್ದಾರೆ. ಮಕ್ಕಳಿಗೆ ಬೇಕಾದುದು ಈಗ ಎಲ್ಲೆಡೆ ರೂಢಿಯಲ್ಲಿರುವ ಕೆನೆಬಣ್ಣ. ಅಂದರೆ ಅಚ್ಚ ಬಿಳಿಯೂ ಅಲ್ಲದ, ಹಳದಿಯೂ ಅಲ್ಲದ, ಬೆಚ್ಚನೆಯ ಒಂದು ಬಿಳುಪು. 82 ವರ್ಷದ ಮಾವನವರು ಮಾತ್ರ ತಮ್ಮ ಪೂಜೆಯ ಕೋಣೆಗೆ ಸುಣ್ಣವೇ ಇರಲಿ, ಉಳಿದದ್ದು ನಿಮ್ಮಿಷ್ಟ ಎಂದು ಪಟ್ಟು ಹಿಡಿದಿದ್ದಾರಂತೆ. ಬಣ್ಣದವನು ತಂದ ಶೇಡ್ ಕಾರ್ಡಿನಲ್ಲಿ ಕೆನೆಬಣ್ಣವೆಂಬುದೇ ಹತ್ತಾರು ಬಗೆಯಾಗಿ ತೋರಿ, ಒಂದಕ್ಕೂ ಇನ್ನೊಂದಕ್ಕೂ ಭೇದ ತಿಳಿಯದೆ ಸಹೋದರಿಯವರು ದಿಕ್ಕುತಪ್ಪಿದ್ದಾರೆ. ಪೂಜಾಗೃಹದ ಗೋಡೆಗೆ ಶಾಸ್ತ್ರವು ಯಾವ ಬಣ್ಣವನ್ನು ವಿಧಿಸಿದೆ, ಇಷ್ಟೊಂದು ಕೆನೆಬಣ್ಣಗಳಲ್ಲಿ ಆರಿಸುವ ಬಗೆ ಹೇಗೆ, ಮಾವನವರನ್ನು ಒಪ್ಪಿಸುವುದು ಹೇಗೆ ಎಂದು ಮೂರು ಪ್ರಶ್ನೆಗಳನ್ನು ಕೇಳಿದ್ದಾರೆ.

ಧರ್ಮದ ಪತ್ರಿಕೆಯಲ್ಲಿ ಬಣ್ಣದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಲಿಂಗಪೂಜೆ, ದಾಸೋಹ, ಮಕ್ಕಳ ವಿದ್ಯೆ, ಹಿರಿಯರ ಸೇವೆ ಎಲ್ಲವೂ ನಡೆಯುವುದು ನಾಲ್ಕು ಗೋಡೆಗಳ ನಡುವೆಯೇ ಆದ್ದರಿಂದ ಆ ಗೋಡೆಗಳ ವಿಚಾರವನ್ನು ಒಮ್ಮೆ ಮಾಡುವುದರಲ್ಲಿ ದೋಷವಿಲ್ಲವೆಂದು ನಾನು ಬಗೆಯುತ್ತೇನೆ. ಮೇಲಾಗಿ ಈ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳುವುದು ಬಹುದಿನಗಳಿಂದ ಬಾಕಿ ಉಳಿದಿತ್ತು.

ಮೊದಲನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಧರಿಸಿದ ಭಕ್ತನಿಗೆ ಗೋಡೆಯ ಬಣ್ಣದಿಂದ ಬರುವ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ತಿಥಿ, ವಾರ, ನಕ್ಷತ್ರಗಳ ಅಂಜಿಕೆಯಿಂದ ಜನರನ್ನು ಬಿಡಿಸಿದ ಶರಣರು ದಿಕ್ಕಿಗೊಂದು ಬಣ್ಣವನ್ನು ಗೊತ್ತುಮಾಡಿ ಹೋಗಿರಲಾರರು. ಈಶಾನ್ಯಕ್ಕೆ ಈ ಬಣ್ಣ, ನೈಋತ್ಯಕ್ಕೆ ಆ ಬಣ್ಣ ಎಂದು ಹಣ ಪಡೆದು ಹೇಳುವವರು ಈಗ ಊರೂರಿಗೆ ಇದ್ದಾರೆ. ಬಣ್ಣದ ವಿಷಯದಲ್ಲಿ ದಿಕ್ಕಿಗೆ ಬೆಲೆ ಇರುವುದು ನಿಜ. ಆದರೆ ಅದು ಸೂರ್ಯನು ಒಂದು ದಿಕ್ಕಿನಲ್ಲಿ ಹುಟ್ಟಿ ಇನ್ನೊಂದರಲ್ಲಿ ಮುಳುಗುತ್ತಾನೆಂಬ ಕಾರಣಕ್ಕೆ ಮಾತ್ರ. ಅದನ್ನು ಮುಂದೆ ವಿವರಿಸುತ್ತೇನೆ.

ಕೆನೆಬಣ್ಣವೆಂದರೇನು? ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ತಿಳಿಸಲು ಯಾವ ಕಾರ್ಡೂ ಬೇಡ. ಎಮ್ಮೆಯ ಹಾಲನ್ನೂ ಆಕಳ ಹಾಲನ್ನೂ ಎರಡು ಬಟ್ಟಲುಗಳಲ್ಲಿ ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ಎಮ್ಮೆಯ ಹಾಲು ಅಚ್ಚ ಬಿಳುಪು. ಆಕಳ ಹಾಲಿಗೆ ಹೊಂಬಣ್ಣದ ಸೋಂಕು. ಹಸಿರು ಮೇವಿನಲ್ಲಿರುವ ಕೆರೋಟಿನ್ ಎಂಬ ಹಳದಿ ದ್ರವ್ಯವು ಆಕಳ ಹಾಲಿನಲ್ಲಿ ಹಾಗೆಯೇ ಇಳಿದುಬರುತ್ತದೆ; ಎಮ್ಮೆಯು ಅದನ್ನು ತನ್ನ ದೇಹದಲ್ಲಿಯೇ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುವುದರಿಂದ ಅದರ ಹಾಲು ಬೆಳ್ಳಗಿರುತ್ತದೆ. ಇನ್ನು ಆಕಳ ಹಾಲಿನ ಮೇಲೆ ಕಟ್ಟಿದ ಕೆನೆಯು ಹಾಲಿಗಿಂತ ಒಂದು ಮೆಟ್ಟಿಲು ಬೆಚ್ಚಗೆ, ಕಡೆದ ಬೆಣ್ಣೆಯು ಅದಕ್ಕಿಂತ ಒಂದು ಮೆಟ್ಟಿಲು ಹಳದಿ. ಶೇಡ್ ಕಾರ್ಡಿನ ಹತ್ತಾರು ಬಣ್ಣಗಳೂ ಈ ನಾಲ್ಕು ಮೆಟ್ಟಿಲುಗಳ ನಡುವೆಯೇ ಎಲ್ಲಿಯೋ ನಿಲ್ಲುತ್ತವೆ. ಎಮ್ಮೆಯ ಹಾಲಿನ ಕಡೆಗೆ ಹೋದರೆ ಕೋಣೆ ತಣ್ಣಗೆ ಕಾಣುವುದು, ಬೆಣ್ಣೆಯ ಕಡೆಗೆ ಹೋದರೆ ಕೆಲವು ದಿನಗಳಲ್ಲಿಯೇ ಕಣ್ಣಿಗೆ ಭಾರವಾಗುವುದು. ನಮ್ಮ ಬಿಳಿಜೋಳದ ಕಾಳಿನ ಬಣ್ಣವೂ ಈ ಸಾಲಿಗೆ ಸೇರಿದ್ದೇ. ಕಂಪನಿಯವರು ಮಾತ್ರ ಆನೆಯ ದಂತ, ಮೊಟ್ಟೆಯ ಚಿಪ್ಪು ಎಂದೆಲ್ಲ ಹೆಸರಿಡುತ್ತಾರೆ. ಮೊಟ್ಟೆಯ ಚಿಪ್ಪಿನ ಹೆಸರು ಕೇಳಿ, ಅಂಥ ಬಣ್ಣ ದೇವರಮನೆಗೆ ಬೇಡವೇ ಬೇಡವೆಂದು ಹೊರಗೆ ಕಳಿಸಿದ ತಾಯಿಯೊಬ್ಬರನ್ನು ನಾನು ಬಲ್ಲೆ. ಅದೇ ಬಣ್ಣಕ್ಕೆ ಬಿಳಿಜೋಳವೆಂದು ಹೆಸರಿದ್ದಿದ್ದರೆ ಅವರು ಸಂತೋಷದಿಂದ ಒಪ್ಪುತ್ತಿದ್ದರು.

ಬಣ್ಣದ ಡಬ್ಬಿಯಲ್ಲಿ ಈ ಕೆನೆ ಹುಟ್ಟುವುದು ಬಹಳ ಸರಳವಾಗಿ. ಟೈಟೇನಿಯಮ್ ಡೈಆಕ್ಸೈಡ್ ಎಂಬ ಬಿಳಿಯ ಪುಡಿಯಿಂದಾದ ಬಣ್ಣಕ್ಕೆ ಹಳದಿಯ ಕೆಲವು ಹನಿಗಳು, ಕೆಂಪಿನ ಒಂದೆರಡು ಹನಿಗಳು, ಕೆಲವೊಮ್ಮೆ ಕಪ್ಪಿನ ಲೇಶ. ಕಪ್ಪು ಏಕೆಂದರೆ ಹಳದಿಯ ಉಬ್ಬರವನ್ನು ತಗ್ಗಿಸಿ ಬಣ್ಣವನ್ನು ಸೌಮ್ಯಗೊಳಿಸಲು. ಕೆಂಪಿನ ಹನಿ ಹೆಚ್ಚಾದರೆ ಗೋಡೆಗೆ ಗುಲಾಬಿಯ ಛಾಯೆ ಬರುತ್ತದೆ. ಈಗ ಅಂಗಡಿಯ ಯಂತ್ರವೇ ಹನಿಗಳನ್ನು ಎಣಿಸಿ ಬೆರೆಸಿಕೊಡುತ್ತದೆ.

ಹಿಂದೆ ಎಣಿಸುವ ಯಂತ್ರವಿರಲಿಲ್ಲ, ಅಳತೆಯ ಕಣ್ಣು ಇತ್ತು. ನಾನು ಮಠದಲ್ಲಿ ವಿದ್ಯಾರ್ಥಿಯಾಗಿದ್ದಾಗ ಜಾತ್ರೆಗೆ ಮುಂಚೆ ಸುಣ್ಣ ಹಚ್ಚುವ ಕಾಯಕ ನಮ್ಮ ಪಾಲಿನದು. ಸುಣ್ಣದ ಹರಳನ್ನು ಹಂಡೆಯಲ್ಲಿ ಹಾಕಿ ನೀರೆರೆದರೆ ಒಲೆಯಿಲ್ಲದೆಯೇ ಕುದಿಯತೊಡಗುತ್ತಿತ್ತು. ಚಿಕ್ಕವರನ್ನು ದೂರ ನಿಲ್ಲಿಸುತ್ತಿದ್ದರು. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತೆಂಬ ಭಯವು ಸುಳ್ಳಲ್ಲ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟ ಸುಣ್ಣದ ಕಲ್ಲು ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡಿರುತ್ತದೆ. ನೀರು ಕುಡಿದು ಅರಳಿ, ಗೋಡೆಯನ್ನೇರಿದ ಮೇಲೆ ಗಾಳಿಯಿಂದ ಅದನ್ನೇ ಮತ್ತೆ ಹೀರಿಕೊಂಡು ನಿಧಾನವಾಗಿ ಪುನಃ ಕಲ್ಲಾಗುತ್ತದೆ. ಅರಳಿದ ಸುಣ್ಣವನ್ನು ಒಂದೆರಡು ದಿನ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಅಂಟು ಇಲ್ಲವೆ ಅನ್ನದ ಗಂಜಿ ಮತ್ತು ಹಿಡಿ ಉಪ್ಪು ಬೆರೆಸಿ, ನಾರಿನ ಕುಂಚದಿಂದ ಬಳಿಯುತ್ತಿದ್ದೆವು. ಬಳಿದಾಗ ಗೋಡೆ ಬೂದುಬೂದಾಗಿ ಕಂಡು ನಿರಾಶೆಯಾಗುತ್ತಿತ್ತು, ಮರುದಿನ ಬೆಳಗ್ಗೆ ಬೆಳ್ಳಗೆ ಎದ್ದು ನಿಲ್ಲುತ್ತಿತ್ತು. ಹೆಚ್ಚು ಬಿಳುಪು ಕಾಣಲೆಂದು ಹಲವರು ಬಟ್ಟೆಯ ನೀಲಿಯನ್ನು ಒಂದು ಚಿಟಿಕೆ ಸೇರಿಸುವುದುಂಟು. ನೀಲಿ ಸೇರಿದ ಸುಣ್ಣ ತಣ್ಣನೆಯ ಬಿಳಿ. ಮಠದ ಹಿರಿಯ ಸ್ವಾಮಿಗಳಿಗೆ ಅದು ಸೇರುತ್ತಿರಲಿಲ್ಲ. ಪಾಠದ ಕೋಣೆಗೆ ಅವರು ನೀಲಿಗೆ ಬದಲು ಹಳದಿ ಮಣ್ಣಿನ ಒಂದು ಹಿಡಿಯನ್ನು ಸೇರಿಸಿಸುತ್ತಿದ್ದರು. ಆ ಗೋಡೆಗಳ ಬಣ್ಣವೇ ಇಂದಿನ ಕೆನೆಬಣ್ಣವೆಂದು ನನಗೆ ಅರ್ಥವಾದುದು ನಲವತ್ತು ವರ್ಷಗಳ ನಂತರ.

ಒಂದು ವರ್ಷ ಹಳದಿ ಮಣ್ಣು ಸಿಗಲಿಲ್ಲ. ಜಾಣನೆಂದು ಹೆಸರಾಗಿದ್ದ ನಮ್ಮ ಜೊತೆಗಾರನೊಬ್ಬನು ಅಡುಗೆಮನೆಯಿಂದ ಅರಿಷಿಣದ ಪುಡಿಯನ್ನು ತಂದು ಹಂಡೆಗೆ ಸುರಿದನು. ಕ್ಷಣಾರ್ಧದಲ್ಲಿ ಹಂಡೆಯೆಲ್ಲ ಕೆಂಪಾಯಿತು! ಅರಿಷಿಣಕ್ಕೆ ಸುಣ್ಣ ಕೂಡಿದರೆ ಓಕುಳಿಯಾಗುವುದು ಯಾವ ಮನೆಯ ಹುಡುಗಿಗೂ ತಿಳಿದ ವಿಷಯ. ಮಠದ ಹುಡುಗರಾದ ನಮಗೆ ಹೊಳೆದಿರಲಿಲ್ಲ. ಕಬ್ಬಿಣದ ಅಂಶವುಳ್ಳ ಮಣ್ಣಿನ ಬಣ್ಣಗಳು ಸುಣ್ಣದ ತೀಕ್ಷ್ಣ ಕ್ಷಾರವನ್ನು ತಡೆದು ನಿಲ್ಲುತ್ತವೆ. ಹಳದಿ ಮಣ್ಣು, ಕೆಮ್ಮಣ್ಣು, ಕಾವಿ. ಅವು ಬಿಸಿಲಿಗೂ ಮಾಸುವುದಿಲ್ಲ. ಇಂದಿಗೂ ಮನೆಯಲ್ಲಿಯೇ ಸುಣ್ಣಕ್ಕೆ ಬಣ್ಣ ಕೂಡಿಸುವವರು ಇದನ್ನು ನೆನಪಿನಲ್ಲಿಡಬೇಕು.

ಇನ್ನು ಆಯ್ಕೆಯ ಪ್ರಶ್ನೆ. ಗೋಡೆಗೆ ತನ್ನದೆಂಬ ಬಣ್ಣ ಅರ್ಧ ಮಾತ್ರ, ಉಳಿದರ್ಧ ಅದರ ಮೇಲೆ ಬೀಳುವ ಬೆಳಕಿನದು. ಉತ್ತರದ ಕಿಟಕಿಯಿಂದ ಬರುವುದು ನೇರ ಬಿಸಿಲಲ್ಲ, ಆಕಾಶದ ಬೆಳಕು; ಅದರಲ್ಲಿ ನೀಲಿಯ ಅಂಶ ಹೆಚ್ಚು. ಅಂಥ ಕೋಣೆಯಲ್ಲಿ ಅಚ್ಚ ಬಿಳಿ ಗೋಡೆ ಬೂದಿಯಂತೆ ಮಂಕಾಗಿ ತೋರುವುದು. ಅಲ್ಲಿ ಆಕಳ ಕೆನೆಯ ಬಣ್ಣ ಬಹಳ ಚೆನ್ನಾಗಿ ಒಪ್ಪುತ್ತದೆ. ಪಶ್ಚಿಮದ ಕೋಣೆಗೆ ಸಂಜೆಯ ಬಿಸಿಲು ತಾನೇ ಹಳದಿಯನ್ನು ತರುತ್ತದೆ. ಅಲ್ಲಿಗೆ ಅದೇ ಕೆನೆಬಣ್ಣ ಹಚ್ಚಿದರೆ ನಾಲ್ಕು ಗಂಟೆಯ ನಂತರ ಬೆಣ್ಣೆಯಾಗಿಬಿಡುವುದು. ಆದ್ದರಿಂದ ಪಶ್ಚಿಮಕ್ಕೂ ದಕ್ಷಿಣಕ್ಕೂ ಹಾಲಿನ ಕಡೆಗೆ ಒಂದು ಮೆಟ್ಟಿಲು ಇಳಿಯುವುದು ಲೇಸು. ದಿಕ್ಕಿನ ಶಾಸ್ತ್ರ ಇಷ್ಟೇ.

ಕಾರ್ಡಿನ ಮೇಲಿನ ಎರಡು ಬೆರಳಗಲದ ಚೌಕವನ್ನು ನಂಬಿ ಬಣ್ಣ ಕೊಳ್ಳಬಾರದು. ನಾಲ್ಕು ಗೋಡೆಗಳೂ ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಚೆಲ್ಲುವುದರಿಂದ ಕೋಣೆಯೊಳಗೆ ಬಣ್ಣವು ಕಾರ್ಡಿಗಿಂತ ಗಾಢವಾಗಿಯೇ ಕಾಣುತ್ತದೆ. ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ತೆಳುವಾದುದನ್ನು ಆರಿಸಿರಿ. ಸಣ್ಣ ಡಬ್ಬಿ ತರಿಸಿ, ಎರಡು ಅಡಿ ಉದ್ದಗಲದ ಮಾದರಿಯನ್ನು ಎರಡು ಕೈ ಬಳಿಸಿ, ಒಣಗಿದ ಮೇಲೆ ಮುಂಜಾನೆ, ಮಧ್ಯಾಹ್ನ, ದೀಪ ಹಚ್ಚಿದ ನಂತರ ಹೀಗೆ ಮೂರು ಹೊತ್ತು ನೋಡಿರಿ. ರಾತ್ರಿಯ ಬೆಳಕಿನ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ 6500 ಕೆಲ್ವಿನ್ ಎಂದಿದ್ದರೆ ಅದು ನೀಲಿಯ ಕಡೆಗೆ ವಾಲಿದ ಬಿಳಿ ಬೆಳಕು. 2700 ಅಥವಾ 3000 ಎಂದಿದ್ದರೆ ದೀಪದ ಜ್ವಾಲೆಯ ಕಡೆಗೆ ವಾಲಿದ್ದು. ಮೊದಲನೆಯದರ ಕೆಳಗೆ ಕೆನೆಬಣ್ಣದ ಬೆಚ್ಚನೆಯ ಗುಣವೇ ಹೋಗಿಬಿಡುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಬಣ್ಣ ಬಳಿಸಿ, ಬಲ್ಬು ಬದಲಿಸದೆ ಬಣ್ಣವನ್ನು ಬೈಯುವವರನ್ನು ಕಂಡಿದ್ದೇನೆ.

ಪೂಜೆಯ ಕೋಣೆಯ ವಿಷಯದಲ್ಲಿ ಒಂದು ಮಾತನ್ನು ಅನುಭವದಿಂದ ಹೇಳಬಲ್ಲೆ. ನಮ್ಮ ಪೂಜೆಯಲ್ಲಿ ದೃಷ್ಟಿಯೇ ಪ್ರಧಾನ. ಎಡಗೈಯ ಮೇಲಿನ ಕಪ್ಪನೆಯ ಲಿಂಗದಲ್ಲಿ ಅರೆತೆರೆದ ಕಣ್ಣುಗಳನ್ನು ನೆಟ್ಟು, ರೆಪ್ಪೆಯಾಡಿಸದೆ ಕುಳಿತಿರುವಾಗ ಕರಸ್ಥಲದ ಆಚೆಗೆ ಮಸುಕಾಗಿ ಕಾಣುವುದು ಎದುರಿನ ಗೋಡೆ. ಅದು ಕಣ್ಣು ಕುಕ್ಕುವ ಹೊಳಪಿನ ಬಿಳಿಯಾಗಿದ್ದರೆ ಕಣ್ಣು ಬೇಗ ದಣಿಯುತ್ತದೆ. ಎಣ್ಣೆಯ ಬಣ್ಣದ ಮಿರುಗುವ ಗೋಡೆಯಲ್ಲಿ ಟ್ಯೂಬ್‌ಲೈಟೂ ಕಿಟಕಿಯೂ ಪ್ರತಿಬಿಂಬಿಸಿ ಚಿತ್ತವನ್ನು ಎಳೆಯುತ್ತವೆ. ಬೆಳಕನ್ನು ಹಿಂದಿರುಗಿಸುವ ಶಕ್ತಿಯನ್ನು 0 ರಿಂದ 100ರ ವರೆಗಿನ ಅಂಕಿಯಿಂದ ಅಳೆಯುವುದುಂಟು. ಅಚ್ಚ ಬಿಳಿ ಬಣ್ಣಗಳು 85ರ ಆಚೀಚೆ ಇರುತ್ತವೆ, ಕೆನೆಬಣ್ಣಗಳು ಸಾಮಾನ್ಯವಾಗಿ 70 ರಿಂದ 80ರ ನಡುವೆ. ಕೋಣೆಗೆ ಬೆಳಕು ಸಾಲದಾಗದು, ಕಣ್ಣಿಗೆ ಚುಚ್ಚಲೂ ಚುಚ್ಚದು. ಆದರೆ ಹೊಳಪಿಲ್ಲದ, ಮ್ಯಾಟ್ ಎಂದು ಕರೆಯುವ ಬಗೆಯನ್ನೇ ಕೇಳಿ ತೆಗೆದುಕೊಳ್ಳಬೇಕು. ದೀಪವನ್ನೂ ಕರ್ಪೂರವನ್ನೂ ಗೋಡೆಯಿಂದ ಒಂದೂವರೆ ಅಡಿಯಾದರೂ ದೂರವಿರಿಸಿರಿ. ಕಾಡಿಗೆ ಹಿಡಿದ ಮೇಲೆ ಯಾವ ಬಣ್ಣವೂ ಒಂದೇ.

ಈಗ ನನ್ನ ತಪ್ಪಿನ ಕಥೆ.

2004ರಲ್ಲಿ ಊರಿನಲ್ಲಿ ನಮ್ಮ ಅಣ್ಣನವರು ಹಳೆಯ ಮಾಳಿಗೆಯ ಮನೆಯನ್ನು ಕೆಡವಿ ಹೊಸ ಮನೆ ಕಟ್ಟಿಸಿದರು. ಹಳೆಯ ಮನೆ ಕತ್ತಲೆಯದು. ಪಡಸಾಲೆಗೆ ಬೆಳಕೆಂದರೆ ಮೇಲಿನ ಬೆಳಕಿಂಡಿಯೊಂದೇ. ಅಲ್ಲಿಯೇ ಬಾಳಿ ಮುದುಕಿಯಾದ ನಮ್ಮ ತಾಯಿಯವರಿಗೆ ಇನ್ನು ಮುಂದಾದರೂ ಬೆಳಕಿನ ಮನೆ ಇರಲೆಂಬುದು ನಮ್ಮ ಆಸೆ. ಬಣ್ಣದ ಆಯ್ಕೆಯನ್ನು ಅಣ್ಣನವರು ನನಗೆ ವಹಿಸಿದರು, ಓದಿದವನೆಂಬ ಗೌರವದಿಂದ. ನಾನು ಎಲ್ಲವನ್ನೂ ಕೆನೆಬಣ್ಣವೇ ಆಗಲೆಂದು ಹೇಳಿದೆ. ಗೋಡೆ ಕೆನೆ, ಬಾಗಿಲ ಚೌಕಟ್ಟು ಕೆನೆ, ಹೊಸ್ತಿಲಿಗೂ ಅದೇ ಬಣ್ಣದ ಎಣ್ಣೆಯ ಲೇಪ. ನೆಲಕ್ಕೆ ಮಿರುಗುವ ಕೆನೆಬಣ್ಣದ ಟೈಲ್ಸ್. ಗೃಹಪ್ರವೇಶಕ್ಕೆ ಬಂದವರೆಲ್ಲ ಮನೆಯೊಳಗೆ ಬೆಳದಿಂಗಳು ಹೊಕ್ಕಂತಿದೆ ಎಂದು ಕೊಂಡಾಡಿದರು. ನಾನು ಉಬ್ಬಿದೆ.

ತಾಯಿಯವರಿಗೆ ಆಗ 78 ವರ್ಷ, ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆಯತೊಡಗಿತ್ತು. ಗೃಹಪ್ರವೇಶದ ಮರುದಿನ ನಾನು ಹೊರಟು ನಿಂತಾಗ ಮನೆ ಹೇಗಿದೆಯವ್ವಾ ಎಂದು ಕೇಳಿದೆ. "ಎಲ್ಲಾ ಹಾಲು ಚೆಲ್ಲಿದಂಗ ಕಾಣಸ್ತೈತಪ್ಪಾ" ಎಂದರು. ಅದನ್ನು ನಾನು ಹೊಗಳಿಕೆಯೆಂದು ತಿಳಿದು, ಆ ಮಾತನ್ನು ನಾಲ್ಕಾರು ಕಡೆ ಹೇಳಿಕೊಂಡು ತಿರುಗಿದೆ. ಅವರು ಹೇಳಿದ್ದು ದೂರು. ಹಾಲು ಚೆಲ್ಲಿದ ನೆಲದಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ತಿಳಿಯುವುದಿಲ್ಲ. ಗೋಡೆ ಎಲ್ಲಿ ಮುಗಿಯಿತು, ನೆಲ ಎಲ್ಲಿ ಮೊದಲಾಯಿತು, ಹೊಸ್ತಿಲು ಎಲ್ಲಿ ಎದ್ದಿದೆ ಎಂಬುದು ಅವರ ಕಣ್ಣಿಗೆ ಗೋಚರಿಸುತ್ತಿರಲಿಲ್ಲ. ಹಳೆಯ ಕತ್ತಲೆಯ ಮನೆಯಲ್ಲಿ ಒಂದು ದಿನವೂ ಎಡವದ ಜೀವ, ಬೆಳಕಿನ ಮನೆಗೆ ಬಂದ ನಲವತ್ತನೆಯ ದಿನ ಪೂಜೆಗೆ ಹೂವು ಹಿಡಿದು ಒಳಗೆ ಹೋಗುವಾಗ ದೇವರಮನೆಯ ಹೊಸ್ತಿಲಿಗೆ ಕಾಲು ತಾಗಿ ಬಿದ್ದರು. ತೊಡೆಯ ಎಲುಬು ಮುರಿಯಿತು.

ಕಣ್ಣಿನ ವೈದ್ಯರೊಬ್ಬರು ಆಮೇಲೆ ನನಗೆ ತಿಳಿಸಿಹೇಳಿದರು. 20 ವರ್ಷದವನ ಕಣ್ಣಿನ ಒಳಪರದೆಯನ್ನು ತಲುಪುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ 60 ವರ್ಷದವನ ಒಳಪರದೆಯನ್ನು ತಲುಪುತ್ತದೆ. ಕಣ್ಣಿನ ಮಸೂರವು ವಯಸ್ಸಿನೊಡನೆ ತಾನೇ ಹಳದಿಯಾಗುವುದರಿಂದ ಬಿಳಿಗೂ ಕೆನೆಗೂ ಭೇದ ಅಳಿಸಿಹೋಗುತ್ತದೆ. ಪೊರೆ ಬಂದವರಿಗೆ ಮಿರುಗುವ ನೆಲದಿಂದ ಎದ್ದ ಬೆಳಕು ಕಣ್ಣೊಳಗೆ ಚದುರಿ ಮಂಜು ಕವಿದಂತಾಗುತ್ತದೆ. ಮುದಿಗಣ್ಣಿಗೆ ಬೇಕಾದುದು ಬೆಳಕು ಮಾತ್ರವಲ್ಲ, ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ತೋರುವ ಅಂಚು.

ಇದನ್ನು ಕೇಳುವಾಗ ನನಗೆ ನೆನಪಾದುದು ಕೆಡವಿದ ಹಳೆಯ ಮನೆ. ಅಲ್ಲಿ ಗೋಡೆಗೆ ಸುಣ್ಣ, ಗೋಡೆಯ ಬುಡಕ್ಕೆ ಗೇಣುದ್ದದ ಕೆಮ್ಮಣ್ಣಿನ ಪಟ್ಟಿ, ನೆಲಕ್ಕೆ ಸಗಣಿಯ ಸಾರಣೆ, ಹೊಸ್ತಿಲಿಗೆ ಅರಿಷಿಣ ಕುಂಕುಮ, ಬಾಗಿಲಿಗೆ ಎಣ್ಣೆ ಹೀರಿ ಕಪ್ಪಾದ ತೇಗ. ಅದನ್ನೆಲ್ಲ ನಾನು ಬರಿಯ ಅಲಂಕಾರ, ಹಳೆಯ ರೂಢಿ ಎಂದುಕೊಂಡಿದ್ದೆ. ಬೆಳಕಿಂಡಿಯ ಮಂದ ಬೆಳಕಿನಲ್ಲಿಯೂ ಕಾಲಿಗೆ ದಾರಿ ತೋರುತ್ತಿದ್ದುದು ಆ ಅಂಚುಗಳೇ. ಆ ಪಟ್ಟಿಯನ್ನು ವರ್ಷಕ್ಕೆರಡು ಸಲ ತಮ್ಮ ಕೈಯಿಂದಲೇ ಎಳೆಯುತ್ತಿದ್ದವರು ತಾಯಿಯವರು. ಬಣ್ಣದ ವಿಚಾರದಲ್ಲಿ ನಾನು ಅವರನ್ನು ಒಂದು ಮಾತೂ ಕೇಳಿರಲಿಲ್ಲ.

ಅಣ್ಣನವರು ಮರುವಾರವೇ ಹೊಸ್ತಿಲುಗಳಿಗೆಲ್ಲ ಕಾವಿಯ ಬಣ್ಣ ಹಚ್ಚಿಸಿ, ಗೋಡೆಯ ಬುಡದಲ್ಲಿ ಗೇಣುದ್ದದ ಕೆಂಪು ಪಟ್ಟಿ ಎಳೆಯಿಸಿದರು. ಕೆನೆಬಣ್ಣವನ್ನು ಅಳಿಸಲಿಲ್ಲ, ಅಳಿಸುವ ಅಗತ್ಯವೂ ಇರಲಿಲ್ಲ. ತಪ್ಪು ಕೆನೆಬಣ್ಣದ್ದಲ್ಲ, ಎಲ್ಲವನ್ನೂ ಕೆನೆಯಾಗಿಸಿದ ನನ್ನದು. ನಾಲ್ಕು ತಿಂಗಳ ಮೇಲೆ ತಾಯಿಯವರು ಕೋಲು ಹಿಡಿದು ಆ ಪಟ್ಟಿಯ ಗುರುತಿನ ಮೇಲೆ ನಡೆಯತೊಡಗಿದರು. ಮತ್ತೆ ಮೂರು ವರ್ಷ ನಮ್ಮೊಡನೆ ಇದ್ದು ಲಿಂಗೈಕ್ಯರಾದರು. ನನ್ನನ್ನು ಒಂದು ದಿನವೂ ಆಕ್ಷೇಪಿಸಲಿಲ್ಲ. ಆದರೆ ಹಿತ್ತಿಲಿನ ವರೆಗೆ ಒಬ್ಬರೇ ಹೋಗುವ ಧೈರ್ಯ ಅವರಿಗೆ ಮರಳಿ ಬರಲಿಲ್ಲ.

ಆದ್ದರಿಂದ ಮನೆಯಲ್ಲಿ ಹಿರಿಯರಿದ್ದರೆ ಗೋಡೆ ಕೆನೆಯಿರಲಿ, ಬಾಗಿಲ ಚೌಕಟ್ಟು ಮರದ ಬಣ್ಣದಲ್ಲಿಯೇ ಇರಲಿ. ಹೊಸ್ತಿಲು, ಮೆಟ್ಟಿಲಿನ ಅಂಚು, ಬಚ್ಚಲಿನ ಕಟ್ಟೆ ಇವು ನೆಲದಿಂದ ಬೇರೆಯಾಗಿ ಎದ್ದು ಕಾಣಲಿ. ದೀಪದ ಗುಂಡಿಯ ಬಿಳಿಯ ಹಲಗೆ ಕೆನೆಯ ಗೋಡೆಯಲ್ಲಿ ಮಾಯವಾಗುತ್ತದೆ, ಅದರ ಸುತ್ತಲೂ ಒಂದು ಗೆರೆಯಾದರೂ ಇರಲಿ.

ಕೆಲವು ವ್ಯವಹಾರದ ಮಾತುಗಳು. ಹೊಸ ಸಿಮೆಂಟಿನ ಗಿಲಾವಿಗೆ ಕನಿಷ್ಠ ನಾಲ್ಕು ವಾರ ಕಳೆಯದೆ ಬಣ್ಣ ಹಚ್ಚಬೇಡಿರಿ. ಒಳಗಿನ ತೇವವು ಉಪ್ಪನ್ನು ಹೊತ್ತು ಹೊರಬಂದು ಬಣ್ಣವನ್ನು ಹುಡಿಯಾಗಿಸುತ್ತದೆ. ನೀರು ಜಿನುಗುವ ಗೋಡೆಗೆ ಮೊದಲು ಜಿನುಗುವ ಕಾರಣವನ್ನು ನಿಲ್ಲಿಸಬೇಕು; ಬಣ್ಣವು ಮದ್ದಲ್ಲ. ಮಣ್ಣಿನ ಗೋಡೆಯ ಹಳೆಯ ಮನೆಗಳಿಗೆ ಪ್ಲಾಸ್ಟಿಕ್ ಬಣ್ಣ ಒಗ್ಗದು. ಅಂಥ ಗೋಡೆಗಳು ಮಳೆಗಾಲದಲ್ಲಿ ತೇವ ಹೀರಿ ಬೇಸಿಗೆಯಲ್ಲಿ ಬಿಡುತ್ತವೆ. ಪ್ಲಾಸ್ಟಿಕ್ ಪದರು ಆ ಉಸಿರನ್ನು ತಡೆದು ಹಪ್ಪಳದಂತೆ ಏಳುತ್ತದೆ. ಹಳೆಯ ಎಣ್ಣೆಯ ಬಣ್ಣವನ್ನು ಕೆರೆಯುವಾಗ ಒಣಗಿದ್ದನ್ನು ಉಜ್ಜದೆ ನೀರು ಹಚ್ಚಿಯೇ ಉಜ್ಜಿಸಿರಿ. ಗರ್ಭಿಣಿಯರನ್ನೂ ಮಕ್ಕಳನ್ನೂ ಆ ಧೂಳಿನಿಂದ ದೂರವಿರಿಸಿರಿ. ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ಕೇಂದ್ರ ಸರಕಾರದ 2016ರ ನಿಯಮವು ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣಗಳಲ್ಲಿ, ಅದರಲ್ಲಿಯೂ ಹಳದಿ, ಕೆಂಪು, ಹಸಿರು ಎಣ್ಣೆಯ ಬಣ್ಣಗಳಲ್ಲಿ, ಸೀಸ ಹೆಚ್ಚಾಗಿರುವ ಸಂಭವವುಂಟು.

ಎಷ್ಟು ಕೊಳ್ಳಬೇಕೆಂಬ ಲೆಕ್ಕ ಕಷ್ಟವಲ್ಲ. ಹನ್ನೆರಡು ಅಡಿಗೆ ಹತ್ತು ಅಡಿಯ, ಹತ್ತು ಅಡಿ ಎತ್ತರದ ಕೋಣೆಯ ಗೋಡೆಗಳು 440 ಚದರಡಿ. ಬಾಗಿಲು ಕಿಟಕಿಗಳ 60 ಕಳೆದರೆ 380. ನಯವಾದ ಗೋಡೆಯ ಮೇಲೆ ಒಂದು ಲೀಟರು ಎಮಲ್ಷನ್ ಒಂದು ಕೈಗೆ ಸುಮಾರು 120 ಚದರಡಿ ಬರುತ್ತದೆಂದು ಹಿಡಿದರೆ ಎರಡು ಕೈಗೆ ಆರೂವರೆ ಲೀಟರು. ಎಲ್ಲ ಡಬ್ಬಿಗಳನ್ನೂ ಒಮ್ಮೆಲೇ ತಂದು ದೊಡ್ಡ ಬಕೆಟ್ಟಿನಲ್ಲಿ ಒಂದುಗೂಡಿಸಿಕೊಂಡರೆ ಗೋಡೆಯಿಂದ ಗೋಡೆಗೆ ಛಾಯೆ ಬದಲಾಗದು. ಸಹೋದರಿಯವರ ಮನೆಗೆ ಬಣ್ಣದವನು ಬರೆದುಕೊಟ್ಟ ಪಟ್ಟಿಯಲ್ಲಿ ಒಂದು ಗೋಡೆಗೆ ವಿಶೇಷ ವಿನ್ಯಾಸ, ಇನ್ನೊಂದಕ್ಕೆ ಬಂಗಾರದ ಗೆರೆ ಎಂದೆಲ್ಲ ಸೇರಿ ಮೊತ್ತವು ಸಾಲ ತೆಗೆಯುವ ಮಟ್ಟಕ್ಕೆ ಏರಿದೆ. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರಲು ಹಿಂದಕ್ಕೆ ಕಳಿಸಿದ ಲಕ್ಕಮ್ಮನ ಮನೆತನದವರು ನಾವು. ಬಂಗಾರದ ಗೆರೆಯನ್ನು ಪಟ್ಟಿಯಿಂದ ಹೊಡೆದುಹಾಕಿರಿ. ಆದರೆ ಬಣ್ಣ ಹಚ್ಚುವವನ ಕೂಲಿಯಲ್ಲಿ ಚೌಕಾಶಿ ಮಾಡಬೇಡಿರಿ. ಕುತ್ತಿಗೆಯೆತ್ತಿ ದಿನವಿಡೀ ಮಾಳಿಗೆಗೆ ಬಣ್ಣ ಬಳಿಯುವುದೂ ಕಾಯಕವೇ.

ಕೊನೆಗೆ ಮಾವನವರ ವಿಷಯ. ತಂಗೀ, ಅವರನ್ನು ಒಪ್ಪಿಸುವ ಉಪಾಯವನ್ನು ಕೇಳಿದ್ದೀರಿ. ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ಅವರ ಮಾತೇ ಸರಿಯೆಂದು ನನಗೆ ತೋರುತ್ತದೆ. ಅವರ ಪೂಜೆಯ ಕೋಣೆ ಮನೆಯ ಹಳೆಯ ಭಾಗದಲ್ಲಿದೆ, ಮಣ್ಣಿನ ಗೋಡೆ, ತಲೆಮಾರುಗಳಿಂದ ಸುಣ್ಣ ಕಂಡದ್ದು ಎಂದು ನೀವೇ ಬರೆದಿದ್ದೀರಿ. ಹುಡಿಯಾಗುವ ಸುಣ್ಣದ ಪದರುಗಳ ಮೇಲೆ ಎಮಲ್ಷನ್ ನಿಲ್ಲದು. ಎಲ್ಲವನ್ನೂ ಕೆರೆದು ತೆಗೆಸಿದರೂ ಆ ಗೋಡೆಯ ತೇವಕ್ಕೆ ಅದು ಒಗ್ಗದು. ಆ ಕೋಣೆಗೆ ಸುಣ್ಣವನ್ನೇ ಹಚ್ಚಿಸಿರಿ. ನೀಲಿಯನ್ನು ಬಿಟ್ಟು, ಸೋಸಿದ ಹಳದಿ ಮಣ್ಣನ್ನು ಸ್ವಲ್ಪಸ್ವಲ್ಪವಾಗಿ ಕೂಡಿಸಿ, ಹಲಗೆಯ ಮೇಲೆ ಬಳಿದು ಒಣಗಿಸಿ ನೋಡುತ್ತ ಹೋಗಿರಿ. ಹಸಿಯಾಗಿದ್ದಾಗ ಗಾಢವಾಗಿ ತೋರುವುದು, ಒಣಗಿದರೆ ಬಹಳ ತೆಳುವಾಗುವುದು. ಮಕ್ಕಳ ಕೆನೆಬಣ್ಣವೂ ಮಾವನವರ ಸುಣ್ಣವೂ ಒಂದೇ ಹಂಡೆಯಲ್ಲಿ ಕೂಡಿಬರುತ್ತವೆ. ಉಳಿದ ಕೋಣೆಗಳಿಗೆ ಮಕ್ಕಳು ಬಯಸಿದಂತೆಯೇ ಆಗಲಿ.

ಮಾದರಿಗಳು ಒಣಗಿದ ದಿನ ಮಾವನವರನ್ನು ಅವರು ನಿತ್ಯ ಪೂಜೆಗೆ ಕುಳಿತುಕೊಳ್ಳುವ ಹೊತ್ತಿನಲ್ಲಿಯೇ, ಅದೇ ಮಣೆಯ ಮೇಲೆ ಕೂರಿಸಿ, ಯಾವುದು ಹಿತವೆನ್ನುತ್ತಾರೆ ಕೇಳಿರಿ. ಹೊಸ್ತಿಲು ಕಾಣುತ್ತದೆಯೇ ಎಂಬುದನ್ನೂ ಕೇಳಿರಿ. ಹೌದೆಂದರೂ ಅವರು ನಡೆದು ಒಳಗೆ ಹೋಗುವುದನ್ನು ಒಮ್ಮೆ ನಿಂತು ನೋಡಿರಿ. ಅವರು ಆರಿಸಿದ್ದು ಯಾವುದೆಂದು ನನಗೊಂದು ಕಾರ್ಡು ಬರೆಯಿರಿ. ಮಗಳ ವಿವಾಹವು ನಿರ್ವಿಘ್ನವಾಗಿ ನೆರವೇರಲಿ.